ಮುಂಗೈ ಮೇಲಿನ ಒಂಬತ್ತು ಹನಿ

ಅಲರ್ಜಿ ಟೆಸ್ಟಿಗೆ ಬರುವ ಮುಂಚೆ ಒಂದು ವಾರ ಶೀತದ ಮಾತ್ರೆ, ಕೆಮ್ಮಿನ ಸಿರಪ್, ತುರಿಕೆಯ ಮಾತ್ರೆ ಯಾವುದನ್ನೂ ಕೊಡಬಾರದು ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ನಾನು ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಕಳಸದ ಸುತ್ತಮುತ್ತ ಯಾರೂ ಇಲ್ಲ ಎಂಬ ಜಂಬ ಆಗ ನನಗಿತ್ತು. ನಾನು ಕಾಫಿ ಎಸ್ಟೇಟಿನ ರೈಟರ್. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಹಣ್ಣು ಕುಯ್ದರು, ಕಣದಲ್ಲಿ ಯಾವ ದಿನದ ಪಾರ್ಚ್‌ಮೆಂಟ್ ಬೀಜ ಒಣಗುತ್ತಿದೆ, ಎಲ್ಲ ನನ್ನ ಪುಸ್ತಕದಲ್ಲಿರುತ್ತದೆ. ಪುಸ್ತಕದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ವಾದ ಮಾಡಿ ಮೇಸ್ತ್ರಿಯ ಬಾಯಿ ಮುಚ್ಚಿಸಿದ್ದೂ ಉಂಟು.

ಟೆಸ್ಟು ಆಗಬೇಕಾಗಿದ್ದದ್ದು ನಮ್ಮ ಕೆಲಸದವರ ಲೈನ್‌ಮನೆಯ ಒಂದು ಹುಡುಗಿಗೆ. ಎಂಟು ವರ್ಷ, ಮೂರನೇ ಕ್ಲಾಸು. ತಾಯಿ ನಮ್ಮಲ್ಲೇ ಕೆಲಸಕ್ಕಿದ್ದಾಳೆ, ತಂದೆ ಹೊರನಾಡಿನ ಲಾಡ್ಜೊಂದರಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಶಾಲೆಯ ಊಟದ ಜೊತೆ ಮೊಟ್ಟೆ ಕೊಟ್ಟಿದ್ದರು. ಅರ್ಧ ಗಂಟೆಯೊಳಗೆ ಹುಡುಗಿಯ ತುಟಿ ಊದಿ ಮೈತುಂಬ ದದ್ದು ಎದ್ದಿತು. ಪಿತ್ತದ ಗಂಧೆ ಎಂದುಕೊಂಡ ತಾಯಿ ಪುನರ್ಪುಳಿ ಸಾರು ಕುಡಿಸಿ, ಕಂಬಳಿ ಹೊದಿಸಿ ಮಲಗಿಸಿದಳು. ಸಂಜೆಗೆ ಇಳಿಯಿತು. ಎರಡನೆಯ ಸಲ ಆಯುಧಪೂಜೆಯ ದಿನ. ಜೀಪಿಗೆ, ಹಣ್ಣು ಸುಲಿಯುವ ಪಲ್ಪರಿಗೆ ಪೂಜೆ ಮಾಡಿ, ಪುರಿಯ ಪ್ರಸಾದ ಹಂಚಿ, ಎಲ್ಲರಿಗೂ ಕೋಳಿ ಸಾರಿನ ಊಟ ಹಾಕಿಸಿದ್ದೆವು. ಆವತ್ತು ದದ್ದಿನ ಜೊತೆ ಉಬ್ಬಸವೂ ಬಂತು. ಹೂವಿನ ಹಾರ ಬಿಚ್ಚಲೂ ಪುರುಸೊತ್ತಿಲ್ಲದೆ ಅದೇ ಜೀಪಿನಲ್ಲಿ ಕಳಸಕ್ಕೆ ಓಡಿಸಿ ಇಂಜೆಕ್ಷನ್ ಹಾಕಿಸಿದೆವು. ಮೂರನೆಯ ಸಲ, ಡಿಸೆಂಬರಿನಲ್ಲಿ, ಪಕ್ಕದವರ ಹೊಸ ಮನೆ ಪೂಜೆಯಲ್ಲಿ ಚಿತ್ರಾನ್ನ ತಿಂದಾಗ.

ಮೊದಲ ಸಲಕ್ಕೆ ಮೊಟ್ಟೆ ನಿಂತಿತು. ಎರಡನೆಯ ಸಲಕ್ಕೆ ಕೋಳಿ, ಅದರ ಬೆನ್ನಿಗೆ ಮೀನು. ಮೂರನೆಯ ಸಲ ಒಬ್ಬರು ತೆಂಗಿನಕಾಯಿ ಅಂದರು, ಒಬ್ಬರು ಬೇಳೆ ಅಂದರು, ಇನ್ನೊಬ್ಬರು ಹಾಲು ಅಂದರು. ಹೆದರಿದ ತಾಯಿ ಎಲ್ಲರ ಮಾತನ್ನೂ ಕೇಳಿದಳು. ಜನವರಿಯ ಹೊತ್ತಿಗೆ ಹುಡುಗಿ ತಿನ್ನುತ್ತಿದ್ದದ್ದು ಗಂಜಿ ಮತ್ತು ಉಪ್ಪು, ಮೂರು ಹೊತ್ತೂ. ಯೂನಿಫಾರ್ಮಿನ ಲಂಗ ಜಾರದಿರಲಿ ಎಂದು ಸೊಂಟಕ್ಕೆ ಎರಡು ಪಿನ್ನು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಹೀಗೇ ಬಿಟ್ಟರೆ ಮಗು ಉಳಿಯುವುದಿಲ್ಲ ಎಂದು ಕಳಸದ ಡಾಕ್ಟರು ತಾಯಿಗೆ ಗದರಿ, ಚಿಕ್ಕಮಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಒಂದು ಆಸ್ಪತ್ರೆಗೆ ಘಟ್ಟದ ಕೆಳಗಿನಿಂದ ಅಲರ್ಜಿ ಡಾಕ್ಟರು ತಿಂಗಳಿಗೆ ಒಂದೇ ದಿನ ಬರುತ್ತಿದ್ದರು.

ಚೀಟಿ ನೋಡಿದ ಎಸ್ಟೇಟಿನ ಸಾಹುಕಾರರು ನನ್ನನ್ನು ಕರೆದರು. "ರೈಟ್ರೆ, ನೀವೇ ಹೋಗಿ ಬನ್ನಿ. ಅವಳಿಗೆ ಆಸ್ಪತ್ರೆ ಮಾತು ತಿಳಿಯೂದಿಲ್ಲ. ನಿಮಗೆ ಹೇಗೂ ಎಲ್ಲದರ ಬುಡ ಕೆದಕೋ ಚಟ ಉಂಟಲ್ಲ!"

ಚಟ ಇದ್ದದ್ದು ನಿಜ. ಕುಯ್ಲಿನ ಕಡೆಯ ದಿನಗಳು, ತೂಕದ ಕೆಲಸ ತಲೆಯ ಮೇಲಿತ್ತು. ಆದರೂ ನನಗೆ ಖುಷಿಯಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಒಂದು ಹೊಸ ನೋಟ್‌ಬುಕ್ಕಿಗೆ ಗೆರೆ ಎಳೆದು, ಮೂರು ದಿನಕ್ಕೆ ಮೂರು ಕಾಲಂ ಮಾಡಿದೆ. ಆಯಾ ದಿನ ಹುಡುಗಿಯ ಹೊಟ್ಟೆಗೆ ಹೋದದ್ದೆಲ್ಲ ಅದರಲ್ಲಿ ಬರಬೇಕು. ತಾಯಿಯನ್ನು ಕೇಳಿದೆ. ಪೂಜೆಯ ದಿನದ ಅಡುಗೆಯವನನ್ನು ಕೇಳಿದೆ. ಹೊಸ ಮನೆಯವರಲ್ಲಿ ಹೋಗಿ ಚಿತ್ರಾನ್ನದ ಒಗ್ಗರಣೆಗೆ ಏನೇನು ಹಾಕಿದಿರಿ ಎಂದು ಕೇಳಿದಾಗ ಅವರು ಮುಖ ಊದಿಸಿಕೊಂಡರು. ಶಾಲೆಗೂ ಹೋದೆ. ಅಲ್ಲಿ ಮೊಟ್ಟೆ ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಕಡಲೆಬೀಜದ ಚಿಕ್ಕಿ. ಟೀಚರು ರಿಜಿಸ್ಟರ್ ತೆಗೆದು ತೋರಿಸಿದರು. ಹುಡುಗಿಯ ಹೆಸರಿನ ಮುಂದೆ ಮೊಟ್ಟೆಯ ಗುರುತೇ ಇತ್ತು.

ಪುರಿಯಲ್ಲಿ ಕಡಲೆಬೀಜ ಇತ್ತು, ಚಿತ್ರಾನ್ನದಲ್ಲೂ ಇತ್ತು. ಒಂದು ಗಳಿಗೆ ನನ್ನ ಪೆನ್ನು ಅಲ್ಲಿ ನಿಂತಿತು. ಆದರೆ ಮೊದಲ ದಿನದ ಕಾಲಂನಲ್ಲಿ ಅನ್ನ, ಸಾಂಬಾರು, ಮೊಟ್ಟೆ ಮೂರೇ. ಹಾಗಾಗಿ ಕಡಲೆಬೀಜಕ್ಕೆ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಹೊಡೆದೆ. ಸ್ಕೇಲ್ ಇಟ್ಟು ಹೊಡೆದೆ.

ಹೊರಡುವ ದಿನ ಬೆಳಿಗ್ಗೆ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ತಾಯಿಯ ಸೆರಗು ಹಿಡಿದು ನಿಂತಿದ್ದಳು. ಸೂಜಿ ಚುಚ್ಚುವುದು ಅದಕ್ಕೇ ಎಂಬಂತೆ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಬಾಳೆಹೊನ್ನೂರು ದಾಟಿದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ರೈಟರ್ ಮಾಮ, ಆ ಸೂಜಿಗೆ ಎಲ್ಲ ಗೊತ್ತಾಗ್ತದಾ?"

ಪಾಪ, ಧೈರ್ಯ ತುಂಬೋಣ ಎಂದು ನಾನು ಜೋರಾಗಿ ಹೇಳಿದೆ. "ಎಲ್ಲ ಗೊತ್ತಾಗ್ತದೆ ಪುಟ್ಟಿ. ನೀನು ಎಂತ ತಿಂದದ್ದು, ಯಾವುದು ಆಗ್ಲಿಲ್ಲ, ಎಲ್ಲ ಅದೇ ಹೇಳ್ತದೆ. ಅದರ ಕಣ್ಣು ತಪ್ಪಿಸ್ಲಿಕ್ಕೆ ಯಾರಿಂದ್ಲೂ ಆಗೂದಿಲ್ಲ."

ಅವಳು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು. ಸೂಜಿಯ ಭಯ ಎಂದೇ ನಾನು ತಿಳಿದೆ.

ಆಸ್ಪತ್ರೆಯ ಆ ಕೋಣೆ ನನಗೆ ಬಹಳ ಹಿಡಿಸಿತು. ಮೇಜಿನ ಮೇಲೆ ಒಂದು ಟ್ರೇ, ಅದರಲ್ಲಿ ಸಣ್ಣ ಸಣ್ಣ ಬಾಟಲಿಗಳು. ಡಾಕ್ಟರಮ್ಮ ಹುಡುಗಿಯ ಎಡಗೈ ಸಾಕು ಎಂದರು. ನರ್ಸು ಮುಂಗೈಯನ್ನು ಒರೆಸಿ, ಪೆನ್ನಿನಿಂದ ಒಂಬತ್ತು ಅಂಕಿ ಬರೆದು, ಒಂದೊಂದರ ಪಕ್ಕ ಒಂದೊಂದು ಹನಿ ಇಟ್ಟರು. ಮೊಟ್ಟೆ, ಹಾಲು, ಮೀನು, ಗೋಧಿ, ಕಡಲೆಬೀಜ, ತೊಗರಿ, ತೆಂಗಿನಕಾಯಿ. ಇವು ಏಳು. ಎಂಟನೆಯದು ಬರೀ ಉಪ್ಪುನೀರು, ಅದು ಏಳಬಾರದು. ಒಂಬತ್ತನೆಯದು ಎಂಥವರ ಚರ್ಮದಲ್ಲೂ ದದ್ದು ಎಬ್ಬಿಸುವ ಔಷಧ, ಅದು ಏಳಲೇಬೇಕು. ಆ ಎರಡು ಸರಿಯಿದ್ದರೆ ಮಾತ್ರ ಉಳಿದ ಏಳನ್ನು ನಂಬಬಹುದು. ಈ ಲೆಕ್ಕಾಚಾರ ಕೇಳಿ ನನಗೆ ರೋಮಾಂಚನವಾಯಿತು. ನಮ್ಮ ತಕ್ಕಡಿಯನ್ನೂ ನಾವು ದಿನಾ ಬೆಳಿಗ್ಗೆ ಗೊತ್ತಿರುವ ತೂಕದ ಕಲ್ಲಿಟ್ಟು ಪರೀಕ್ಷಿಸಿಯೇ ಹಣ್ಣು ತೂಗುವುದು.

ಹನಿಯ ಮೂಲಕ ಸೂಜಿಯ ತುದಿಯನ್ನು ಚರ್ಮಕ್ಕೆ ಮುಟ್ಟಿಸಿದರು, ಅಷ್ಟೇ. ರಕ್ತವೂ ಬರಲಿಲ್ಲ. ಆದರೂ ಹುಡುಗಿ ಹಲ್ಲು ಕಚ್ಚಿ ಕೂತಿದ್ದಳು. ಹದಿನೈದು ನಿಮಿಷ ಕಾಯಬೇಕು. ನಾನು ವಾಚು ನೋಡುತ್ತ, ಕೈ ನೋಡುತ್ತ ಕಾದೆ.

ಏನೂ ಏಳಲಿಲ್ಲ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ತಾಯಿಯ ಮುಖ ಅರಳಿತು. ಆದರೆ ಡಾಕ್ಟರಮ್ಮ ಒಂಬತ್ತನೆಯ ಹನಿಯ ಜಾಗವನ್ನೇ ನೋಡುತ್ತಿದ್ದರು. ಅಲ್ಲಿಯೂ ಚರ್ಮ ಮಟ್ಟಸವಾಗಿತ್ತು.

"ಇವಳಿಗೆ ಎಂತ ಮಾತ್ರೆ ಕೊಟ್ಟಿದ್ದೀರಿ?"

"ಒಂದು ವಾರದಿಂದ ಯಾವುದೂ ಇಲ್ಲ ಮೇಡಂ." ನಾನು ನೋಟ್‌ಬುಕ್ ಮುಂದಿಟ್ಟೆ. "ನೋಡಿ, ದಿನಾ ಬರೆದಿದ್ದೇನೆ. ಶೀತದ ಸಿರಪ್ ಬಾಟ್ಲಿಯನ್ನೇ ತಂದು ನಮ್ಮ ಆಫೀಸಿನ ಬೀರುವಲ್ಲಿ ಇಟ್ಟು ಬೀಗ ಹಾಕಿದ್ದೇನೆ."

"ಇವತ್ತು ಬೆಳಿಗ್ಗೆ?"

"ಇವತ್ತಾ? ಇವತ್ತು ಎಂತದೂ ಇಲ್ಲ. ಬಸ್ಸು ಹತ್ತುವಾಗ ಒಂದು ವಾಂತಿ ಮಾತ್ರೆ ನುಂಗಿಸಿದ್ದೇನೆ, ಅಷ್ಟೇ."

ನಮ್ಮ ಕಡೆ ಮಕ್ಕಳನ್ನು ಬಸ್ಸು ಹತ್ತಿಸುವ ಮೊದಲು ವಾಂತಿ ಮಾತ್ರೆ ನುಂಗಿಸುವುದು ಚಪ್ಪಲಿ ಹಾಕಿಸಿದಷ್ಟೇ ಸಹಜ. ಅಷ್ಟೊಂದು ತಿರುವಿನ ದಾರಿ. ನನ್ನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಆ ಮಾತ್ರೆಯ ಹಾಳೆ ಯಾವಾಗಲೂ ಇರುತ್ತದೆ. ಡಾಕ್ಟರಮ್ಮ ಅದನ್ನು ಇಸಿದುಕೊಂಡು, ಹಿಂದೆ ಬರೆದಿದ್ದ ಹೆಸರು ಓದಿ, ನನಗೆ ವಾಪಸು ಕೊಟ್ಟರು. ವಾಂತಿಯನ್ನು ತಡೆಯುವ ಆ ಮಾತ್ರೆ ಅಲರ್ಜಿಯನ್ನೂ ಅದುಮುವಂಥದ್ದಂತೆ. ಅದು ಮೈಯಲ್ಲಿರುವಾಗ ಚರ್ಮ ಯಾವ ಹನಿಗೂ ಉತ್ತರ ಕೊಡುವುದಿಲ್ಲ. ಇವತ್ತಿನ ಟೆಸ್ಟು ಲೆಕ್ಕಕ್ಕಿಲ್ಲ. ಮತ್ತೆ ಬರಬೇಕು, ಒಂದು ತಿಂಗಳು ಬಿಟ್ಟು.

ಹೊರಗೆ ಬಂದ ಮೇಲೆ ತಾಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇನ್ನೊಂದು ತಿಂಗಳು ಗಂಜಿಯಾ ರೈಟ್ರೆ?" ಎಂದಷ್ಟೇ ಕೇಳಿದಳು. ನನ್ನ ನೋಟ್‌ಬುಕ್ಕಿನ ಆವತ್ತಿನ ಪುಟ ತೆರೆದು ನೋಡಿಕೊಂಡೆ. ಬಸ್ಸು ಹೊರಟ ಹೊತ್ತು ಇತ್ತು, ಅವಳು ಕುಡಿದ ನೀರು ಎಷ್ಟು ಲೋಟ ಎಂದೂ ಇತ್ತು. ನನ್ನ ಕೈಯಾರೆ ಕೊಟ್ಟ ಮಾತ್ರೆ ಮಾತ್ರ ಇರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಫೆಬ್ರವರಿಯಲ್ಲಿ ಮಾತ್ರೆಯಿಲ್ಲದೆ ಹೋಗಬೇಕು. ಆ ಹುಡುಗಿಗೋ ಬಸ್ಸಿನ ಹಾರನ್ ಕೇಳಿದರೇ ಹೊಟ್ಟೆ ತೊಳಸುತ್ತಿತ್ತು. ವಾಂತಿ ಮಾಡಿ ಸುಸ್ತಾಗಿ ಬಂದ ಮಗುವಿಗೆ ಟೆಸ್ಟು ಮಾಡುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಯೋಚನೆ ಮಾಡಿ ಪ್ರಯಾಣವನ್ನೇ ಎರಡು ತುಂಡು ಮಾಡಿದೆ. ಚಿಕ್ಕಮಗಳೂರಿನ ಸಮೀಪ, ವಸ್ತಾರೆಯಲ್ಲಿ, ನನ್ನ ಅಕ್ಕನ ಮನೆಯಿದೆ. ಹಿಂದಿನ ದಿನವೇ ಹೊರಟು ಅಲ್ಲಿ ಉಳಿದುಕೊಂಡರೆ ಬೆಳಿಗ್ಗೆ ಸ್ವಲ್ಪ ದೂರದ ದಾರಿ, ತಿರುವೂ ಕಡಿಮೆ. ಸಾಹುಕಾರರು ವಸ್ತಾರೆಯವರೆಗೆ ಜೀಪು ಕೊಟ್ಟರು. ಹುಡುಗಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕೈಗೆ ಒಂದು ನಿಂಬೆಹಣ್ಣು ಕೊಟ್ಟು, ಮೂಸುತ್ತ ದೂರದ ಗುಡ್ಡವನ್ನೇ ನೋಡು ಎಂದೆ. ಬಾಳೆಹೊನ್ನೂರಿಗೆ ಮೊದಲು ಎರಡು ಸಲ, ಆಮೇಲೆ ಒಂದು ಸಲ ಜೀಪು ನಿಲ್ಲಿಸಬೇಕಾಯಿತು. ಮೂರನ್ನೂ ಬರೆದುಕೊಂಡೆ. ಈ ಸಲ ಯಾವುದನ್ನೂ ಬಿಡುವುದಿಲ್ಲ ಎಂದು ಹಟ.

ಅಕ್ಕ ಕಡುಬು ಮಾಡಿದ್ದಳು. ಹುಡುಗಿಗೆ ಗಂಜಿ. ಎಲ್ಲರೂ ಒಟ್ಟಿಗೆ ಕೂತಾಗ ಅವಳು ತನ್ನ ಬಟ್ಟಲನ್ನು ಎತ್ತಿಕೊಂಡು ಹೋಗಿ ಬಾಗಿಲ ಹತ್ತಿರ ಗೋಡೆಗೆ ಮುಖ ಮಾಡಿ ಕೂತಳು. ಶಾಲೆಯಲ್ಲೂ ಹೀಗೇ ಕೂರುವುದಂತೆ.  

ಮರುದಿನ ಮತ್ತೆ ಅದೇ ಕೋಣೆ, ಅದೇ ಒಂಬತ್ತು ಹನಿ. ಐದು ನಿಮಿಷಕ್ಕೇ ಒಂಬತ್ತನೆಯ ಜಾಗ ಕೆಂಪಾಗಿ, ಸೊಳ್ಳೆ ಕಡಿದ ಹಾಗೆ ಉಬ್ಬಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ದದ್ದು ಎದ್ದದ್ದಕ್ಕೆ ಅಷ್ಟು ಸಂತೋಷಪಟ್ಟವನು ಆ ಆಸ್ಪತ್ರೆಯಲ್ಲಿ ನಾನೊಬ್ಬನೇ ಇರಬೇಕು. ಹತ್ತು ನಿಮಿಷಕ್ಕೆ ಇನ್ನೊಂದು ಜಾಗ ಎದ್ದಿತು, ಒಂಬತ್ತನೆಯದಕ್ಕಿಂತ ದೊಡ್ಡದಾಗಿ. ನರ್ಸು ಸಣ್ಣ ಸ್ಕೇಲಿನಿಂದ ಅಡ್ಡಕ್ಕೂ ಉದ್ದಕ್ಕೂ ಅಳೆದರು. ಅದು ಕಡಲೆಬೀಜ. ಮೊಟ್ಟೆಯ ಜಾಗದಲ್ಲಿ ಬರೀ ಪೆನ್ನಿನ ಗುರುತು.

ಡಾಕ್ಟರಮ್ಮ ನನ್ನ ನೋಟ್‌ಬುಕ್ ತಿರುಗಿಸಿದರು. "ಕಡಲೆಬೀಜ ನೀವು ಹೊಡೆದು ಹಾಕಿದ್ದೀರಿ."

"ಹೌದು ಮೇಡಂ. ಮೊದಲನೇ ದಿನ ಅವಳು ತಿಂದದ್ದು ಮೊಟ್ಟೆ. ಕಡಲೆಬೀಜ ಇರ್ಲಿಲ್ಲ."

"ಕೈ ಒಂದು ಹೇಳ್ತದೆ, ನಿಮ್ಮ ಪುಸ್ತಕ ಇನ್ನೊಂದು ಹೇಳ್ತದೆ. ಬರೀ ಕೈ ನೋಡಿ ನಾನು ತೀರ್ಮಾನ ಮಾಡೂದಿಲ್ಲ. ನಡೆದದ್ದಕ್ಕೂ ಅದಕ್ಕೂ ತಾಳೆ ಬರಬೇಕು. ಮೊಟ್ಟೆ ತಿಂದೇ ತುಟಿ ಊದಿದ್ದು ಹೌದಾದ್ರೆ ಮೊಟ್ಟೆ ಕೊಡಿ ಅಂತ ನಾನು ಹೇಳುವ ಹಾಗಿಲ್ಲ." ಅವರು ಪುಸ್ತಕ ಮುಚ್ಚಿದರು. "ಅವಳು ಮೊಟ್ಟೆ ತಿಂದದ್ದು ನಿಮಗೆ ಹೇಳಿದ್ದು ಯಾರು?"

"ಶಾಲೆಯ ರಿಜಿಸ್ಟರ್‌ನಲ್ಲಿ ಉಂಟು. ಅಡುಗೆಯವರೂ ಹೇಳಿದ್ರು. ತಾಯಿಯೂ..."

"ಅವಳನ್ನು ಕೇಳಿದ್ದೀರಾ?"

 ಊರೆಲ್ಲ ಸುತ್ತಿ, ಒಗ್ಗರಣೆಯ ಸಾಸಿವೆಯವರೆಗೂ ವಿಚಾರಿಸಿದ್ದೆ. ತಿಂದವಳನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಮಗುವಿಗೆ ಎಂತ ಗೊತ್ತು ಎಂಬ ಧಿಮಾಕು. ಹುಡುಗಿಯ ಕಡೆ ನೋಡಿದೆ. ಅವಳ ಕಣ್ಣು ಕೈಯ ಮೇಲಿನ ದದ್ದಿನಲ್ಲೇ ನೆಟ್ಟಿತ್ತು. ಬಸ್ಸಿನಲ್ಲಿ ಅವಳು ಕೇಳಿದ ಪ್ರಶ್ನೆ ಆಗ ನನಗೆ ಅರ್ಥವಾಯಿತು.

ಅಲ್ಲೇ ಕೇಳಿದರೆ ಹೇಳುವುದಿಲ್ಲ ಎನಿಸಿತು. ಡಾಕ್ಟರಮ್ಮನಿಂದ ಹತ್ತು ನಿಮಿಷ ಕೇಳಿಕೊಂಡು, ಅವಳನ್ನು ಹೊರಗಿನ ವರಾಂಡದ ಬೆಂಚಿಗೆ ಕರೆದುಕೊಂಡು ಹೋದೆ. ನೋಟ್‌ಬುಕ್ಕನ್ನು ಬೇಕೆಂದೇ ಒಳಗೆ ಬಿಟ್ಟೆ.

"ಪುಟ್ಟಿ, ನಾನೊಂದು ತಪ್ಪು ಮಾಡಿದ್ದು ನಿಂಗೆ ಗೊತ್ತುಂಟಲ್ಲ? ಮಾತ್ರೆ ಕೊಟ್ಟು ಎಲ್ಲ ಹಾಳು ಮಾಡಿದೆ."

ಅವಳು ತಲೆ ಆಡಿಸಿದಳು.

"ನಂಗೆ ಯಾರಾದ್ರೂ ಹೊಡೆದ್ರಾ?"

"ಇಲ್ಲ."

"ನಿಂಗೂ ಹೊಡೆಯೂದಿಲ್ಲ. ಆವತ್ತು ಶಾಲೆಯಲ್ಲಿ ಎಂತ ಆಯ್ತು ಹೇಳು."

ಅವಳು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ನಾನು ಮೊಟ್ಟೆ ತಿನ್ಲಿಲ್ಲ ಮಾಮ. ನಲ್ಲಿ ಹಿಂದೆ ಹೋಗಿ ನನ್ನ ಪಕ್ಕ ಕೂರುವವಳಿಗೆ ಕೊಟ್ಟೆ, ಅವಳ ಚಿಕ್ಕಿ ನಾನು ತಿಂದೆ. ಬದಲಿ ಮಾಡ್ಕೊಂಡ್ರೆ ಟೀಚರ್ ಬೈತಾರೆ. ಎಲ್ಲರೂ ಮೊಟ್ಟೆ ಮೊಟ್ಟೆ ಅಂದ್ರು, ನಂಗೆ ಹೇಳ್ಲಿಕ್ಕೆ ಹೆದರಿಕೆ ಆಯ್ತು. ಆಮೇಲೆ ಅಮ್ಮ ಮೀನೂ ನಿಲ್ಸಿದ್ಳು, ಹಾಲೂ ನಿಲ್ಸಿದ್ಳು. ಆಗ ಹೇಳಿದ್ರೆ ಇನ್ನೂ ಜಾಸ್ತಿ ಬೈತಾಳೆ ಅಂತ..."

ಮುಂದಿನದು ಅಳುವಿನಲ್ಲಿ ಹೋಯಿತು. ಒಂದು ಚಿಕ್ಕಿಗಾಗಿ ಆರು ತಿಂಗಳು ಈ ಮಗು ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡಿತ್ತು. ನಾನೋ, ಸೂಜಿಯ ಕಣ್ಣು ತಪ್ಪಿಸಲಿಕ್ಕೆ ಆಗುವುದಿಲ್ಲ ಎಂದು ಅವಳನ್ನು ಇನ್ನಷ್ಟು ಹೆದರಿಸಿದ್ದೆ. ನನಗೂ ಕಣ್ಣು ತುಂಬಿ ಬಂತು.

ಒಳಗೆ ಹೋಗಿ ಹೇಳಿದೆ. ಈಗ ಮೂರೂ ಕಾಲಂನಲ್ಲಿ ಕಡಲೆಬೀಜ. ಡಾಕ್ಟರಮ್ಮ ತಲೆದೂಗಿದರು. ಆದರೆ ತಾಯಿ ನಂಬಲಿಲ್ಲ. "ಆಯುಧಪೂಜೆ ದಿನ ನನ್ನ ತೊಡೆ ಮೇಲೆ ಮಲಗಿ ಉಸಿರಿಗೆ ಒದ್ದಾಡಿದ್ದನ್ನ ನಾನು ಕಂಡಿದ್ದೇನೆ ಅಮ್ಮ. ಮಗು ಒಂದು ಮಾತು ಹೇಳ್ತು ಅಂತ ನಾನು ಮೊಟ್ಟೆ ಬೇಯಿಸಿ ಕೊಡ್ಲಾ? ನನ್ನಿಂದ ಆಗೂದಿಲ್ಲ."

ನ್ಯಾಯದ ಮಾತು. ಮನೆಗೆ ಹೋದರೆ ಮತ್ತೆ ಗಂಜಿಯೇ ಗತಿ ಎಂದು ಡಾಕ್ಟರಮ್ಮನಿಗೂ ಹೊಳೆದಿರಬೇಕು. "ಹಾಗಾದ್ರೆ ಇಲ್ಲೇ, ನನ್ನ ಕಣ್ಣೆದುರೇ ತಿನ್ನಲಿ" ಎಂದರು. ತಾಯಿ ನನ್ನ ಮುಖ ನೋಡಿದಳು. ಹ್ಞೂಂ ಅನ್ನುವ ಹಕ್ಕು ನನಗೆಲ್ಲಿತ್ತು? ಹುಡುಗಿಯೇ ಹೇಳಿದಳು, "ಅಮ್ಮ, ತಿಂತೇನೆ."

ಆಸ್ಪತ್ರೆಯ ಕ್ಯಾಂಟೀನಿನಿಂದ ಬೇಯಿಸಿದ ಮೊಟ್ಟೆ ನಾನೇ ತಂದೆ. ನರ್ಸು ಪಕ್ಕದಲ್ಲಿ ಇಂಜೆಕ್ಷನ್ ಸಿದ್ಧ ಮಾಡಿ ಇಟ್ಟುಕೊಂಡರು. ಮೊದಲು ಅಕ್ಕಿಕಾಳಿನಷ್ಟು. ಇಪ್ಪತ್ತು ನಿಮಿಷ ಕಾಯುವುದು, ತುಟಿ, ನಾಲಿಗೆ, ಹೊಟ್ಟೆ, ಬೆನ್ನು ನೋಡುವುದು, ಎದೆಗೆ ಕೊಳವೆಯಿಟ್ಟು ಉಸಿರು ಕೇಳುವುದು. ಆಮೇಲೆ ಬೆರಳ ಉಗುರಿನಷ್ಟು. ಮತ್ತೆ ಕಾಯುವುದು. ಮೂರನೆಯ ತುತ್ತಿಗೆ ಅವಳು ಕೆನ್ನೆ ತುರಿಸಿಕೊಂಡಳು. ತಾಯಿ ಎದ್ದು ನಿಂತಳು. ಡಾಕ್ಟರಮ್ಮ ಬಗ್ಗಿ ನೋಡಿ, "ಕೂದಲು ತಾಗಿದ್ದು" ಎಂದು ಅದನ್ನು ಕಿವಿಯ ಹಿಂದೆ ಸರಿಸಿದರು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಇಡೀ ಮೊಟ್ಟೆ ಅವಳ ಹೊಟ್ಟೆಯಲ್ಲಿತ್ತು. ಮತ್ತೆ ಎರಡು ಗಂಟೆ ಅಲ್ಲೇ ಕೂರಿಸಿದರು. ಏನೂ ಆಗಲಿಲ್ಲ.

"ಹೇಗಿತ್ತು ಮೊಟ್ಟೆ?" ನರ್ಸು ಕೇಳಿದರು.

"ನಂಗೆ ಮೊಟ್ಟೆ ಇಷ್ಟ ಇಲ್ಲ," ಎಂದಳು. "ಅದಕ್ಕೇ ಅಲ್ವಾ ಅವಳಿಗೆ ಕೊಟ್ಟದ್ದು."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ತಾಯಿ ನಗುತ್ತ ಅಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರಮ್ಮ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು. ಕಡಲೆಬೀಜ ಯಾವ ರೂಪದಲ್ಲೂ ಬೇಡ, ಚಿಕ್ಕಿ, ಪುರಿ, ಒಗ್ಗರಣೆ, ಚಟ್ನಿ ಎಲ್ಲೂ. ಶಾಲೆಗೊಂದು ಚೀಟಿ, ತಪ್ಪಿ ತಿಂದರೆ ಏನು ಮಾಡಬೇಕೆಂದು ಕಳಸದ ಆಸ್ಪತ್ರೆಗೊಂದು ಚೀಟಿ. ಉಳಿದದ್ದೆಲ್ಲ ಇವತ್ತಿನಿಂದಲೇ ತಿನ್ನಬಹುದು. ಕಡೆಗೆ ಹುಡುಗಿಯನ್ನು ಹತ್ತಿರ ಕರೆದರು. "ಅಮ್ಮ ಎಲ್ಲ ಕಡೆ ನಿನ್ನ ಜೊತೆ ಇರೂದಿಲ್ಲ. ಹೊರಗೆ ಎಲ್ಲೇ ತಿನ್ನೂದಾದ್ರೂ ಮೊದಲು ನೀನೇ ಕೇಳ್ಬೇಕು. ಆಯ್ತಾ?" ಅವಳು ತಲೆಯಾಡಿಸಿದಳು. ಇವಳು ಕೇಳುವುದುಂಟಾ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿಗೆ ಹೋದೆವು. ಸಪ್ಲೈಯರ್ ಬಂದು ನಿಂತು ಗಡಿಬಿಡಿಯಲ್ಲಿ ಏನು ಬೇಕು ಎಂದ. ಹುಡುಗಿ ನನ್ನ ಅಂಗಿ ಎಳೆದು ಪಿಸುಗುಟ್ಟಿದಳು. "ಮಾಮ, ನೀವು ಕೇಳಿ." ಕೇಳಲು ನನ್ನ ಬಾಯಿ ತುರಿಸುತ್ತಿತ್ತು. ಆದರೆ ಈ ಒಂದು ತಿಂಗಳಲ್ಲಿ ನಾನು ಕೇಳಿದ್ದು ಸಾಕಿತ್ತು. ನೀರಿನ ಲೋಟ ಎತ್ತಿಕೊಂಡು ಸುಮ್ಮನೆ ಕುಡಿದೆ. ತಾಯಿ ಏನೋ ಹೇಳಲು ಹೊರಟವಳು ನನ್ನನ್ನು ನೋಡಿ ತಡೆದಳು.

ಹುಡುಗಿ ಗಂಟಲು ಸರಿ ಮಾಡಿಕೊಂಡಳು. "ನಿಮ್ಮ ಚಟ್ನಿಗೆ ಕಡ್ಲೆಬೀಜ ಹಾಕಿದ್ದೀರಾ?"

"ಯಾಕೆ ಪುಟ್ಟಿ, ಚಟ್ನಿ ಚೆನ್ನಾಗಿದೆ."

"ಹಾಕಿದ್ದೀರಾ ಇಲ್ವಾ, ಅಷ್ಟೇ ಹೇಳಿ." ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿತ್ತು ಆ ಸ್ವರ.

ಅವನು ಒಳಗೆ ಹೋಗಿ ಕೇಳಿ ಬಂದ. ಹಾಕಿದ್ದಾರಂತೆ. ಸಾಂಬಾರಿಗೆ ಇಲ್ಲವಂತೆ.

"ಹಾಗಾದ್ರೆ ಈ ಮೇಜಿಗೆ ಚಟ್ನಿ ತರ್ಲೇಬೇಡಿ. ಮೂವರಿಗೂ ಇಡ್ಲಿ ಸಾಂಬಾರ್."

ಇಡ್ಲಿ ಬಂತು. ಎರಡು ತಿಂಗಳ ಮೇಲೆ ಮೊದಲ ಸಲ ಅವಳು ನಮ್ಮೆದುರು, ನಮ್ಮ ಜೊತೆ ಕೂತು, ನಾವು ತಿನ್ನುವುದನ್ನೇ ತಿಂದಳು. ಬಗ್ಗಿಸಿದ ತಲೆ ಎತ್ತದೆ ಎರಡೂ ಇಡ್ಲಿ ಮುಗಿಸಿ, ಬಟ್ಟಲಿನ ಸಾಂಬಾರನ್ನು ಎತ್ತಿ ಕುಡಿದಳು. ತಾಯಿ ತನ್ನ ತಟ್ಟೆ ಮುಟ್ಟದೆ ಮಗಳ ತುಟಿಯನ್ನೇ ನೋಡುತ್ತ ಕೂತಿದ್ದಳು, ಊದುತ್ತದೆಯೋ ಎಂದು. ಹುಡುಗಿ ಬಾಯಿ ಒರೆಸಿಕೊಂಡು ಆ ತಟ್ಟೆಯನ್ನು ನೋಡಿದಳು.

"ಅಮ್ಮ, ನೀನು ತಿನ್ನೂದಿಲ್ವಾ? ಹಾಗಾದ್ರೆ ನಂಗೆ ಕೊಡು."